ಒಣ ಬರಹದ ಜನಕ ಚೆಸ್ಟರ್ ಕಾರ್ಲ್‌ಸನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವುಗಳಲ್ಲಿ ಯಾವ ಊರಿನ ತಾಲ್ಲೂಕು ಕಚೇರಿಗೆ ಹೋದರೂ ಅದರ ಆಸುಪಾಸಿನಲ್ಲಿ ‘ಜೆರಾಕ್ಸ್’ ಎಂಬ ಫಲಕ ಕಣ್ಣಿಗೆ ಬೀಳದೆ ಇರದು. ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೊದಲಾದವುಗಳ ಪ್ರತಿಗಳು ಅಲ್ಲಿ ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತವೆ. ಹಿಂದೆ ಹೀಗಿರಲಿಲ್ಲ. ಅಂಕಪಟ್ಟಿಯನ್ನು ಬೆರಳಚ್ಚು ಮಾಡಿಸಿ, ಅದು ಮೂಲಕ್ಕೆ ಸರಿಯಾಗಿದೆಯೆಂದು ಅಧಿಕಾರಿಯೊಬ್ಬರಿಂದ ರುಜು ಪಡೆಯಲು ದಿನಗಟ್ಟಲೆ ಅಲೆಯಬೇಕಾಗಿತ್ತು.

ಇಂದು ಆ ಯಂತ್ರ ಅಂಗಡಿಯಿಂದ ಮನೆಯ ಪಡಸಾಲೆಗೂ ಬಂದಿದೆ. ಪಡಸಾಲೆಯ ಒಂದು ಮೂಲೆಯನ್ನೇ ಕಚೇರಿಯಾಗಿಸಿಕೊಂಡ ಪತ್ರಬರಹಗಾರನೋ ಲೆಕ್ಕಪತ್ರ ಬರೆಯುವವನೋ, ಮುದ್ರಣ, ನಕಲು, ಸ್ಕ್ಯಾನಿಂಗ್ ಮೂರನ್ನೂ ಮಾಡಬಲ್ಲ ಬಣ್ಣದ ಯಂತ್ರವೊಂದನ್ನು ಕೊಳ್ಳಲು ಹೊರಟಾಗ, ಶಾಯಿಯ ಯಂತ್ರವನ್ನು ಕೊಳ್ಳುವುದೋ ಪುಡಿಯ ಯಂತ್ರವನ್ನು ಕೊಳ್ಳುವುದೋ ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಶಾಯಿಯ ಯಂತ್ರ ಕೊಳ್ಳುವಾಗ ಅಗ್ಗ; ಆದರೆ ಹಲವು ದಿನ ಬಳಸದೆ ಬಿಟ್ಟರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುವುದುಂಟು. ಲೇಸರ್ ಯಂತ್ರದ ಪುಡಿಗೆ ಆ ಭಯವಿಲ್ಲ. ಅದು ಒಣಗಿಯೇ ಇರುವಂಥದು. ಈ ಒಣ ಪುಡಿಯಿಂದ ಅಕ್ಷರ ಮೂಡಿಸುವ ಉಪಾಯವನ್ನು ಲೋಕಕ್ಕೆ ಕೊಟ್ಟವನೇ ಚೆಸ್ಟರ್ ಕಾರ್ಲ್‌ಸನ್. ಅವನೂ ಒಂದು ಕಾಲಕ್ಕೆ ಮನೆಯ ಅಡುಗೆಮನೆಯಲ್ಲಿ ಕುಳಿತು ಇದೇ ಬಗೆಯ ಆಯ್ಕೆಯನ್ನು ಮಾಡಬೇಕಾಗಿ ಬಂದಿತ್ತು.

ಕಾರ್ಲ್‌ಸನ್ 1906ರ ಫೆಬ್ರವರಿ 8ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಜನಿಸಿದನು. ತಂದೆ ಕ್ಷೌರಿಕ, ಕ್ಷಯ ಮತ್ತು ಸಂಧಿವಾತಗಳಿಂದ ನರಳುತ್ತ ದುಡಿಯಲಾರದವನಾಗಿದ್ದನು. ಆಡಿ ನಲಿಯುವ ವಯಸ್ಸಿನಲ್ಲಿಯೇ ಹುಡುಗನು ಕೂಲಿಗೆ ಹೋದನು. ಹದಿನಾಲ್ಕನೆಯ ವಯಸ್ಸಿಗೆ ಸಂಸಾರದ ಭಾರವೆಲ್ಲ ಅವನ ಹೆಗಲೇರಿತು. ಹದಿನೇಳನೆಯ ವಯಸ್ಸಿನಲ್ಲಿ ತಾಯಿಯೂ ಕ್ಷಯಕ್ಕೆ ಬಲಿಯಾದಳು. ಈ ನಡುವೆ ಮುದ್ರಣಾಲಯವೊಂದರಲ್ಲಿ ದುಡಿದು, ಕೂಲಿಗೆ ಬದಲಾಗಿ ಹಳೆಯ ಪುಟ್ಟ ಮುದ್ರಣಯಂತ್ರವೊಂದನ್ನು ಪಡೆದು, ರಸಾಯನಶಾಸ್ತ್ರದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗಾಗಿ ಪತ್ರಿಕೆ ಹೊರಡಿಸಲು ಯತ್ನಿಸಿದನು. ಪತ್ರಿಕೆ ಬೇಗನೆ ನಿಂತಿತು. ಆದರೆ ಒಂದೊಂದೇ ಮೊಳೆಯನ್ನು ಜೋಡಿಸಿ ಅಕ್ಷರವನ್ನು ಕಾಗದದ ಮೇಲೆ ತರುವುದು ಎಷ್ಟು ಶ್ರಮದ ಕೆಲಸವೆಂಬುದು ಅವನ ಮನಸ್ಸಿನಲ್ಲಿ ನಾಟಿತು.

1930ರಲ್ಲಿ ಅವನು ಕ್ಯಾಲಿಫೋರ್ನಿಯಾದ ಪ್ರಸಿದ್ಧ ತಾಂತ್ರಿಕ ಸಂಸ್ಥೆಯಿಂದ ಭೌತಶಾಸ್ತ್ರದ ಪದವಿ ಪಡೆದನು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. 82 ಸಂಸ್ಥೆಗಳಿಗೆ ಬರೆದರೂ ಒಂದರಿಂದಲೂ ಕೆಲಸ ದೊರೆಯಲಿಲ್ಲ. ಕೊನೆಗೆ ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯದಲ್ಲಿ ಸಣ್ಣ ಕೆಲಸ ಸಿಕ್ಕಿತು. 1933ರಲ್ಲಿ ಅದೂ ಕೈಬಿಟ್ಟಿತು. ಮರುವರ್ಷ ವಿದ್ಯುತ್ ಸಾಮಗ್ರಿಗಳ ಸಂಸ್ಥೆಯೊಂದರ ಪೇಟೆಂಟ್ ವಿಭಾಗವನ್ನು ಸೇರಿದನು. ಅಲ್ಲಿ ಒಂದೊಂದು ದಾಖಲೆಗೂ ಹಲವು ಪ್ರತಿಗಳು ಬೇಕಾಗುತ್ತಿದ್ದವು. ಬೆರಳಚ್ಚು ಮಾಡಿದರೆ ತಪ್ಪುಗಳು ನುಸುಳುತ್ತಿದ್ದವು, ನಕ್ಷೆಗಳನ್ನಂತೂ ಹಾಗೆ ಇಳಿಸುವಂತಿರಲಿಲ್ಲ. ಛಾಯಾಚಿತ್ರ ತೆಗೆಸಿದರೆ ಹೊತ್ತು, ಹಣ ಎರಡೂ ವ್ಯರ್ಥ. ಸಂಜೆ ಕಾನೂನು ವ್ಯಾಸಂಗಕ್ಕೆ ಹೋಗುತ್ತಿದ್ದ ಅವನಿಗೆ ಪುಸ್ತಕ ಕೊಳ್ಳುವ ಶಕ್ತಿಯಿರಲಿಲ್ಲ. ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದನು. ತಂದೆಯನ್ನು ಕಾಡಿದ್ದ ಸಂಧಿವಾತ ಈಗ ಅವನ ಬೆನ್ನುಮೂಳೆಯನ್ನೂ ಹಿಡಿದಿತ್ತು.

ಕಚೇರಿಯ ಮೇಜಿನ ಮೇಲೆ ಇರಿಸಬಹುದಾದ, ಗುಂಡಿಯೊತ್ತಿದರೆ ಪ್ರತಿ ಕೊಡುವ ಯಂತ್ರವೊಂದು ಬೇಕೆಂಬ ಹಂಬಲ ಅವನಲ್ಲಿ ಹುಟ್ಟಿದ್ದು ಹೀಗೆ. ಛಾಯಾಚಿತ್ರದ ರಾಸಾಯನಿಕ ಮಾರ್ಗದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಆಗಲೇ ದುಡಿಯುತ್ತಿದ್ದವು. ಆ ಹಾದಿಯಲ್ಲಿ ತಾನೊಬ್ಬನೇ ಅವರನ್ನು ಮೀರಲಾರೆನೆಂದು ಬಗೆದು, ಅವರು ತುಳಿಯದಿದ್ದ ಸ್ಥಿರವಿದ್ಯುತ್ತಿನ ಮಾರ್ಗವನ್ನು ಅವನು ಆರಿಸಿಕೊಂಡನು. ಕೆಲವು ವಸ್ತುಗಳು ಕತ್ತಲಲ್ಲಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಬೆಳಕು ಬಿದ್ದಾಗ ಹರಿಯಗೊಡುತ್ತವೆ. ಹಂಗೇರಿಯ ವಿಜ್ಞಾನಿ ಪಾಲ್ ಸೆಲೆನ್ಯಿಯ ಲೇಖನವೂ ಅವನ ಯೋಚನೆಗೆ ಇಂಬು ಕೊಟ್ಟಿತು. ಅಡುಗೆಮನೆಯೇ ಪ್ರಯೋಗಶಾಲೆಯಾಯಿತು. ಒಲೆಯ ಮೇಲೆ ಗಂಧಕ ಕರಗಿಸುತ್ತಿದ್ದಾಗ ಹಬ್ಬುತ್ತಿದ್ದ ದುರ್ವಾಸನೆಯಿಂದ ನೆರೆಹೊರೆಯವರು ಬೇಸತ್ತರು. ಮನೆಯಾಕೆಯ ಪಾಡನ್ನು ನಾವೇ ಊಹಿಸಿಕೊಳ್ಳಬಹುದು. ಆಮೇಲೆ ಆಸ್ಟೋರಿಯ ಎಂಬಲ್ಲಿ ಸಣ್ಣ ಕೊಠಡಿಯೊಂದನ್ನು ಹಿಡಿದು, ಆಸ್ಟ್ರಿಯದಿಂದ ಬಂದಿದ್ದ ಓಟ್ಟೊ ಕಾರ್ನೈ ಎಂಬ ತಂತ್ರಜ್ಞನನ್ನು ಸಹಾಯಕ್ಕೆ ಇಟ್ಟುಕೊಂಡನು.

1938ರ ಅಕ್ಟೋಬರ್ 22ರಂದು ಸತುವಿನ ತಗಡಿಗೆ ಗಂಧಕವನ್ನು ಲೇಪಿಸಿದರು. ಆ ದಿನದ ತಾರೀಖನ್ನೂ ಊರಿನ ಹೆಸರನ್ನೂ ಗಾಜಿನ ಪಟ್ಟಿಯ ಮೇಲೆ ಕಪ್ಪು ಶಾಯಿಯಿಂದ ಬರೆದರು. ಕೋಣೆಯನ್ನು ಕತ್ತಲು ಮಾಡಿ, ಗಂಧಕವನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ತುಂಬಿ, ಗಾಜನ್ನು ಅದರ ಮೇಲಿಟ್ಟು ಕೆಲವು ಕ್ಷಣ ಪ್ರಖರ ದೀಪವನ್ನು ಹಿಡಿದರು. ಬೆಳಕು ಬಿದ್ದೆಡೆ ಆವೇಶ ಹರಿದುಹೋಯಿತು. ಅಕ್ಷರದ ನೆರಳಿದ್ದಲ್ಲಿ ಮಾತ್ರ ಉಳಿಯಿತು. ಲೈಕೊಪೋಡಿಯಮ್ ಸಸ್ಯದ ನಯವಾದ ಪುಡಿಯನ್ನು ಚಿಮುಕಿಸಿ ಮೆಲ್ಲನೆ ಊದಿದಾಗ ಅಕ್ಷರಗಳು ಎದ್ದು ನಿಂತವು. ಮೇಣದ ಕಾಗದವನ್ನು ಅದರ ಮೇಲೊತ್ತಿ ಬಿಸಿ ತಾಗಿಸಿದಾಗ ಬರಹ ಕಾಗದಕ್ಕೆ ಅಂಟಿತು.

ಆದರೆ ಅದರಲ್ಲಿ ಹೆಚ್ಚಿನ ಭವಿಷ್ಯವನ್ನು ಕಾಣದ ಕಾರ್ನೈ ಬೇರೆ ಕೆಲಸ ಹಿಡಿದು ಹೊರಟುಹೋದನು. 1942ರಲ್ಲಿ ಪೇಟೆಂಟ್ ದೊರೆಯಿತಾದರೂ, ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳು ಕಾರ್ಲ್‌ಸನ್ನನನ್ನು ಬರಿಗೈಯಲ್ಲಿ ಹಿಂದಿರುಗಿಸಿದವು. ಕಾರ್ಬನ್ ಕಾಗದವಿರುವಾಗ ಈ ಯಂತ್ರವೇಕೆ ಎಂಬುದೇ ಅಂದಿನ ಜನರ ಭಾವನೆಯಾಗಿತ್ತು. ಸಂಸಾರವೂ ಮುರಿದುಬಿತ್ತು. 1944ರಲ್ಲಿ ಒಹಾಯೊ ಪ್ರಾಂತದ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಅವನ ಕೈಹಿಡಿಯಿತು. ಅಲ್ಲಿ ಗಂಧಕದ ಬದಲು ಸೆಲೀನಿಯಮ್ ಬಳಕೆಗೆ ಬಂತು. ಮುಂದೆ ಹ್ಯಾಲಾಯ್ಡ್ ಎಂಬ ಚಿಕ್ಕ ಕಂಪನಿ ಇದರ ತಯಾರಿಕೆಗೆ ಧೈರ್ಯ ಮಾಡಿತು. ಒಣ ಬರಹವೆಂಬ ಅರ್ಥದ ಗ್ರೀಕ್ ಮೂಲದಿಂದ ‘ಜೆರಾಗ್ರಫಿ’ ಎಂಬ ಹೆಸರು ಹುಟ್ಟಿತು. ಕಂಪನಿಯೂ ಮುಂದೆ ಜೆರಾಕ್ಸ್ ಎಂದೇ ಹೆಸರಾಯಿತು. 1949ರ ಮೊದಲ ಯಂತ್ರ ಹತ್ತಾರು ಕೈಕೆಲಸಗಳನ್ನು ಬೇಡುತ್ತಿದ್ದುದರಿಂದ ಕಚೇರಿಗಳು ಅದನ್ನು ಒಪ್ಪಲಿಲ್ಲ. 1959ರಲ್ಲಿ ಬಂದ 914 ಎಂಬ ಯಂತ್ರ ಮಾತ್ರ ಗುಂಡಿಯೊತ್ತಿದರೆ ಸಾಕು, ಸಾಮಾನ್ಯ ಕಾಗದದ ಮೇಲೆ ಪ್ರತಿ ಕೊಡುತ್ತಿತ್ತು. ಅದರ ತೂಕ ಸುಮಾರು 294 ಕಿಲೋಗ್ರಾಂ. ಮೇಜಿನ ಮೇಲಿಡುವ ಮಾತಂತೂ ದೂರವೇ ಉಳಿಯಿತು. ಕೊಳ್ಳಲಾರದವರಿಗೆ ಅದನ್ನು ತಿಂಗಳ ಬಾಡಿಗೆಗೆ ಕೊಟ್ಟು, ನಿಗದಿ ಮೀರಿದ ಪ್ರತಿಗಳಿಗೆ ಹಾಳೆಗಿಷ್ಟೆಂದು ಹಣ ಪಡೆದರು. ಯಂತ್ರದ ಬೆಲೆಗಿಂತ ಹಾಳೆಯೊಂದಕ್ಕೆ ತಗಲುವ ವೆಚ್ಚವನ್ನು ನೋಡಬೇಕೆಂಬ ಲೆಕ್ಕ, ಇಂದು ಮನೆಗೆ ಯಂತ್ರ ತರುವವನಿಗೂ ತಪ್ಪಿದ್ದಲ್ಲ.

ಕಾರ್ಲ್‌ಸನ್ ಕೋಟ್ಯಧೀಶನಾದನು. ಆದರೆ ಸಾಯುವ ಮುನ್ನ ಬಡವನಾಗಬೇಕೆಂಬುದು ಅವನ ಬಯಕೆಯಾಗಿತ್ತು. ಎರಡನೆಯ ಪತ್ನಿ ಡೋರಿಸಳ ಒಡನಾಟದಲ್ಲಿ ಅವನ ಮನಸ್ಸು ಪೌರ್ವಾತ್ಯ ಅಧ್ಯಾತ್ಮದತ್ತ ಒಲಿದಿತ್ತು. ವಿದ್ಯಾಸಂಸ್ಥೆಗಳಿಗೂ ಶಾಂತಿಯ ಕಾರ್ಯಗಳಿಗೂ ಸುಮಾರು ಹತ್ತು ಕೋಟಿ ಡಾಲರುಗಳನ್ನು, ಬಹುಪಾಲು ತನ್ನ ಹೆಸರು ಹೊರಬೀಳದಂತೆ, ದಾನ ಮಾಡಿದನು. 1968ರ ಸೆಪ್ಟೆಂಬರ್ 19ರಂದು, ತನ್ನ 62ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಚಿತ್ರಮಂದಿರವೊಂದರಲ್ಲಿ ಕುಳಿತಿದ್ದಂತೆಯೇ ಅವನ ಉಸಿರು ನಿಂತಿತು.

ಮರುವರ್ಷವೇ ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್, ದೀಪದ ಬದಲು ಲೇಸರ್ ಕಿರಣದಿಂದ ಅಕ್ಷರ ಬರೆಯುವ ಪ್ರಯತ್ನವನ್ನು ಕೈಗೊಂಡನು. 1980ರ ದಶಕದಲ್ಲಿ ಲೇಸರ್ ಮುದ್ರಣಯಂತ್ರ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. ಇಂದಿನ ಬಣ್ಣದ ಯಂತ್ರದಲ್ಲಿ ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಪುಡಿಗಳಿರುತ್ತವೆ. ಮೇಣದ ಕಾಗದಕ್ಕೆ ತಾಗಿಸಿದ ಬಿಸಿಯ ಕೆಲಸವನ್ನು ಅದರೊಳಗಿನ ಕಾದ ಉರುಳೆ ಮಾಡುತ್ತದೆ. ಆ ಉರುಳೆ ಕಾಯುವಾಗ ವಿದ್ಯುತ್ತನ್ನು ಒಮ್ಮೆಗೇ ಬಹಳವಾಗಿ ಎಳೆದುಕೊಳ್ಳುವುದರಿಂದ, ಗಣಕಯಂತ್ರಕ್ಕೆಂದು ಇಟ್ಟ ಸಣ್ಣ ಯುಪಿಎಸ್‌ಗೆ ಇದನ್ನು ಜೋಡಿಸದೆ, ಗೋಡೆಯ ವಿದ್ಯುತ್ ಸಂಪರ್ಕಕ್ಕೇ ನೇರವಾಗಿ ಜೋಡಿಸುತ್ತಾರೆ.