ಗ್ರಂಥದ ಮಾತನ್ನು ಒರೆಗೆ ಹಚ್ಚಿದ ಎಡ್ವಿನ್ ಹಾಲ್

ಕಾರಿನ ಚಕ್ರದ ವೇಗ ಅಳೆಯುವ ಸಂವೇದಕವಿರಲಿ, ಮೊಬೈಲ್ ಫೋನಿನೊಳಗಿನ ದಿಕ್ಸೂಚಿಯಿರಲಿ, ಅವುಗಳಲ್ಲಿ ಹಲವು ದುಡಿಯುವುದು 1879ರಲ್ಲಿ ವಿದ್ಯಾರ್ಥಿಯೊಬ್ಬ ಕಂಡುಕೊಂಡ ತತ್ತ್ವದ ಮೇಲೆ. ಆ ವಿದ್ಯಾರ್ಥಿಯೇ ಅಮೆರಿಕದ ಭೌತವಿಜ್ಞಾನಿ ಎಡ್ವಿನ್ ಹರ್ಬರ್ಟ್ ಹಾಲ್.

ಹಾಲ್ ಅವರು ಜನಿಸಿದ್ದು 1855ರ ನವೆಂಬರ್ 7ರಂದು, ಮೇನ್ ರಾಜ್ಯದ ಗೋರ್ಹಮ್‌ನಲ್ಲಿ. 1875ರಲ್ಲಿ ಬೌಡನ್ ಕಾಲೇಜಿನಿಂದ ಪದವಿ ಪಡೆದು, ಎರಡು ವರ್ಷ ಶಾಲೆಗಳಲ್ಲಿ ಪಾಠ ಹೇಳಿದರು. ಬಳಿಕ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡ್ ಅವರ ಶಿಷ್ಯರಾದರು.

ಆ ಕಾಲಕ್ಕೆ ವಿದ್ಯುತ್ಕಾಂತ ಶಾಸ್ತ್ರದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ 1873ರ ಗ್ರಂಥವೇ ಪ್ರಮಾಣ. ಕಾಂತದ ಬಲ ವರ್ತಿಸುವುದು ತಂತಿಯ ಮೇಲೆಯೇ ಹೊರತು ಅದರಲ್ಲಿ ಹರಿಯುವ ವಿದ್ಯುತ್ತಿನ ಮೇಲಲ್ಲ ಎಂಬುದು ಅದರಲ್ಲಿನ ಪ್ರತಿಪಾದನೆ. ಹಾಲ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಗುರುಗಳನ್ನು ಕೇಳಿದಾಗ, ಅವರಿಗೂ ಅದೇ ಸಂದೇಹವಿದ್ದು, ಪ್ರಯೋಗ ನಡೆಸಿ ವಿಫಲರಾಗಿದ್ದುದು ತಿಳಿಯಿತು.

ಪ್ರವಾಹವು ಒಂದು ಬದಿಗೆ ಸರಿದರೆ ತಂತಿಯ ರೋಧ ಹೆಚ್ಚಬೇಕೆಂದು ಹಾಲ್ ಮೊದಲು ಊಹಿಸಿದರು. ಅಳೆದರೆ ಅಂಥ ಬದಲಾವಣೆ ಕಾಣಲಿಲ್ಲ. ಆಗ ಗುರುಗಳ ಸಲಹೆಯಂತೆ ಗಾಜಿನ ಫಲಕದ ಮೇಲೆ ತೆಳುವಾದ ಚಿನ್ನದ ರೇಕನ್ನು ಅಂಟಿಸಿ ಅದರಲ್ಲಿ ವಿದ್ಯುತ್ ಹರಿಸಿದರು. 1879ರ ಅಕ್ಟೋಬರ್ 28ರಂದು ವಿದ್ಯುತ್ಕಾಂತಕ್ಕೆ ಚಾಲನೆ ಕೊಟ್ಟಾಗ ರೇಕಿನ ಎರಡು ಅಂಚುಗಳ ನಡುವೆ ಅಡ್ಡಲಾಗಿ ವಿಭವಾಂತರ ಉಂಟಾದುದನ್ನು ಗ್ಯಾಲ್ವನೋಮೀಟರ್ ತೋರಿಸಿತು. ಇದಾದ ಎಂಟೇ ದಿನಕ್ಕೆ ಮ್ಯಾಕ್ಸ್‌ವೆಲ್ ತೀರಿಕೊಂಡರು. ತಮ್ಮ ಮಾತನ್ನು ಮರುಪರಿಶೀಲಿಸುವ ಅವಕಾಶ ಅವರಿಗೆ ಒದಗಲಿಲ್ಲ.

ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷಗಳಿದ್ದವು. ಕಬ್ಬಿಣದಲ್ಲಿ ಪರಿಣಾಮವು ಚಿನ್ನದಲ್ಲಿದ್ದುದಕ್ಕೆ ವಿರುದ್ಧ ದಿಕ್ಕಿನಲ್ಲಿದ್ದು, ಬಹುಪಾಲು ಪ್ರಬಲವೂ ಆಗಿತ್ತು. ಈ ಒಗಟು ಹಾಲ್ ಅವರನ್ನು ಜೀವನವಿಡೀ ಕಾಡಿತು. 1881ರಲ್ಲಿ ಹಾರ್ವರ್ಡ್ ಸೇರಿ, 1895ರಲ್ಲಿ ಪ್ರಾಧ್ಯಾಪಕರಾಗಿ, 1921ರಲ್ಲಿ ನಿವೃತ್ತರಾದರು. ಶಾಲಾ ಮಕ್ಕಳು ತಾವೇ ಕೈಯಾರೆ ಮಾಡಬಹುದಾದ ಭೌತಶಾಸ್ತ್ರ ಪ್ರಯೋಗಗಳನ್ನು ರೂಪಿಸಿದರು. ಲೋಹಗಳಲ್ಲಿ ವಿದ್ಯುತ್ ಹರಿವಿನ ಬಗ್ಗೆ ಅವರು ಮಂಡಿಸಿದ ಸಿದ್ಧಾಂತ ಮಾತ್ರ ಉಳಿಯಲಿಲ್ಲ. ಸರಿಯಾದ ವಿವರಣೆ ಕ್ವಾಂಟಮ್ ವಿಜ್ಞಾನದಿಂದ ಬಂತು. 1938ರ ನವೆಂಬರ್ 20ರಂದು ಅವರು ನಿಧನರಾದರು.

ಅವರ ಪ್ರಯೋಗ ಮಾತ್ರ ಬೆಳೆಯುತ್ತಲೇ ಹೋಯಿತು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್, ಅತಿ ಶೀತಲದಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿ ಹಾಲ್ ರೋಧವು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಕಂಡು 1985ರ ನೊಬೆಲ್ ಪಡೆದರು. ಆ ಮೆಟ್ಟಿಲುಗಳ ಮೂಲಮಾನ ಸುಮಾರು 25,812.8 ಓಮ್. ಇದರ ಅಧ್ಯಯನದಿಂದಲೇ ಟೋಪೊಲಾಜಿಕಲ್ ಇನ್ಸುಲೇಟರ್‌ಗಳ ಕಲ್ಪನೆ ಮೂಡಿತು. ಇವು ಒಳಗೆ ವಿದ್ಯುತ್ತನ್ನು ತಡೆದು, ಮೇಲ್ಮೈ ಅಥವಾ ಅಂಚಿನಲ್ಲಿ ಮಾತ್ರ ಹರಿಯಗೊಡುವ ವಸ್ತುಗಳು. 2013ರಲ್ಲಿ ಚೀನಾದ ವಿಜ್ಞಾನಿಗಳು ಇಂಥದೇ ತೆಳುಪದರಕ್ಕೆ ಕ್ರೋಮಿಯಂ ಬೆರೆಸಿ, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ಅದೇ ಮೌಲ್ಯವನ್ನು ಅಳೆದರು. ಹಾಲ್ ಅವರು ಕಬ್ಬಿಣದಲ್ಲಿ ಕಂಡಿದ್ದ ಒಗಟಿನ ಕ್ವಾಂಟಮ್ ರೂಪವದು.