ಸಾಕ್ರೆಟೀಸನ ಧರ್ಮಜಿಜ್ಞಾಸೆ

ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಕ್ರಿಸ್ತಪೂರ್ವ 469ರ ಸುಮಾರಿಗೆ ಸಾಕ್ರೆಟೀಸನು ಜನಿಸಿದನು. ತಂದೆ ಸೋಫ್ರೋನಿಸ್ಕನು ಶಿಲ್ಪಿ; ತಾಯಿ ಫೈನರೀಟೆ ಸೂಲಗಿತ್ತಿ. ತಾನು ನಡೆಸುವುದೂ ತಾಯಿಯ ವೃತ್ತಿಯನ್ನೇ, ಪರರ ಮನದಲ್ಲಿ ಹುದುಗಿರುವ ವಿಚಾರವನ್ನು ಹೊರತಂದು ಅದು ಸಜೀವವೋ ನಿರ್ಜೀವವೋ ಎಂದು ಪರೀಕ್ಷಿಸುವುದೇ ತನ್ನ ಕೆಲಸ, ಎಂದು ಅವನು ಹೇಳಿದುದಾಗಿ ಶಿಷ್ಯನಾದ ಪ್ಲೇಟೋ ಬರೆದಿದ್ದಾನೆ. ಸಾಕ್ರೆಟೀಸನು ಸ್ವತಃ ಯಾವ ಗ್ರಂಥವನ್ನೂ ರಚಿಸಲಿಲ್ಲ. ಅವನ ಚರಿತ್ರೆಯು ನಮಗೆ ತಿಳಿದುಬಂದಿರುವುದು ಮುಖ್ಯವಾಗಿ ಪ್ಲೇಟೋ ಮತ್ತು ಕ್ಸೆನೊಫನರ ಬರಹಗಳಿಂದ.

ಅವನ ಬಾಳಿನ ಮರ್ಮವನ್ನರಿಯಲು ಅಂದಿನ ಅಥೆನ್ಸಿನ ಧರ್ಮಸ್ಥಿತಿಯನ್ನು ತಿಳಿಯಬೇಕು. ಅಲ್ಲಿ ಎಲ್ಲರಿಗೂ ಪ್ರಮಾಣವಾದ ಶಾಸ್ತ್ರಗ್ರಂಥವಿರಲಿಲ್ಲ. ದೇವತೆಗಳ ಕಥೆಗಳನ್ನು ಜನರು ಹೋಮರ, ಹೆಸಿಯಡರ ಕಾವ್ಯಗಳಿಂದ ಕಲಿಯುತ್ತಿದ್ದರು. ಮನೆಯಂಗಳದಲ್ಲಿ ಜ್ಯೂಸ್ ದೇವನ ಬಲಿಪೀಠವಿರುತ್ತಿತ್ತು. ನಗರದೇವತೆಯಾದ ಅಥೀನಾ ದೇವಿಗೆ ಮಹೋತ್ಸವವೂ ಪಶುಬಲಿಯೂ ನಡೆಯುತ್ತಿದ್ದವು. ಧರ್ಮವೆಂದರೆ ಬಹುಮಟ್ಟಿಗೆ ಆಚರಣೆಯೇ ಆಗಿತ್ತು. ನಗರದ ಕ್ಷೇಮವು ದೇವತೆಗಳ ಪ್ರಸನ್ನತೆಯನ್ನು ಅವಲಂಬಿಸಿದೆಯೆಂಬ ನಂಬಿಕೆಯಿದ್ದುದರಿಂದ ದೈವದ್ರೋಹವು ರಾಜ್ಯಕ್ಕೇ ಎಸಗಿದ ಅಪರಾಧವೆನಿಸುತ್ತಿತ್ತು.

ಸಾಕ್ರೆಟೀಸನು ಈ ಆಚರಣೆಗಳನ್ನು ಬಿಟ್ಟವನಲ್ಲ. ಅವನೂ ಎಲ್ಲರಂತೆ ಬಲಿಯನ್ನರ್ಪಿಸುತ್ತಿದ್ದನೆಂದು ಕ್ಸೆನೊಫನನು ತಿಳಿಸುತ್ತಾನೆ. ಆದರೆ ಅವನಿಗಿಂತ ಜ್ಞಾನಿ ಯಾರೂ ಇಲ್ಲವೆಂದು ಡೆಲ್ಫಿಯ ಅಪೊಲೊ ದೇವಾಲಯದಲ್ಲಿ ದೇವವಾಣಿಯಾಯಿತೆಂಬ ವಾರ್ತೆಯನ್ನು ಮಿತ್ರನಾದ ಕೈರೆಫೋನನು ತಂದಾಗ, ಸಾಕ್ರೆಟೀಸನು ಹಿಗ್ಗಲಿಲ್ಲ. ಆ ವಾಣಿಯ ಅರ್ಥವನ್ನರಿಯಲು ರಾಜಕಾರಣಿಗಳನ್ನೂ ಕವಿಗಳನ್ನೂ ಕುಶಲಕರ್ಮಿಗಳನ್ನೂ ಪ್ರಶ್ನಿಸುತ್ತ ಹೋದನು. ತಾವು ಅರಿಯದುದನ್ನು ಅರಿತಿರುವೆವೆಂದು ಅವರೆಲ್ಲ ಭ್ರಮಿಸಿದ್ದರು. ತಾನಾದರೋ ತನ್ನ ಅಜ್ಞಾನವನ್ನು ಬಲ್ಲೆನೆಂಬುದಷ್ಟೇ ಭೇದವೆಂದು ಕಂಡುಕೊಂಡನು. ಇದರಿಂದ ಅನೇಕರ ದ್ವೇಷಕ್ಕೆ ಪಾತ್ರನಾದನು.

ನುಡಿಗಿಂತ ಅವನ ನಡೆ ದೊಡ್ಡದು. ಕ್ರಿಸ್ತಪೂರ್ವ 406ರಲ್ಲಿ ಆರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದ ಸೇನಾಪತಿಗಳು, ನೀರಿಗೆ ಬಿದ್ದ ಸೈನಿಕರನ್ನು ಉಳಿಸಲಿಲ್ಲವೆಂಬ ಆರೋಪಕ್ಕೊಳಗಾದರು. ಕಾನೂನನ್ನು ಮೀರಿ ಎಲ್ಲರಿಗೂ ಒಟ್ಟಾಗಿ ತೀರ್ಪು ವಿಧಿಸಬೇಕೆಂದು ಜನಸಭೆಯು ಗರ್ಜಿಸಿದಾಗ, ಅಂದು ಸಭಾಕಾರ್ಯದ ಹೊಣೆಯಿದ್ದ ಮಂಡಲಿಯಲ್ಲಿ ಸಾಕ್ರೆಟೀಸನೊಬ್ಬನೇ ಕಡೆಯವರೆಗೆ ವಿರೋಧಿಸಿದನು. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತು, ಮೂವತ್ತು ಮಂದಿ ನಿರಂಕುಶರ ಆಳ್ವಿಕೆ ಬಂದಿತು. ಸಲಮಿಸಿನ ಲಿಯೋನನೆಂಬ ನಿರಪರಾಧಿಯನ್ನು ಕೊಲ್ಲುವುದಕ್ಕಾಗಿ ಹಿಡಿತರಲು ಅವರು ಐವರಿಗೆ ಆಜ್ಞಾಪಿಸಿದರು. ನಾಲ್ವರು ಹೋದರು, ಸಾಕ್ರೆಟೀಸನು ಮನೆಗೆ ಹಿಂದಿರುಗಿದನು. ಜನಸಮೂಹದ ಕೋಪವಾಗಲಿ ನಿರಂಕುಶರ ಬೆದರಿಕೆಯಾಗಲಿ ಅವನಿಂದ ಅನ್ಯಾಯವನ್ನು ಮಾಡಿಸಲಾರದೆ ಹೋಯಿತು.

ಪ್ರಜಾಪ್ರಭುತ್ವವು ಮರಳಿ ಬಂದರೂ ಸೋಲಿನ ಭಯವೂ ಸಂಶಯವೂ ಅಳಿದಿರಲಿಲ್ಲ. ನಿರಂಕುಶರಲ್ಲಿ ಪ್ರಮುಖನಾದ ಕ್ರಿಟಿಯಾಸನು ಹಿಂದೆ ಸಾಕ್ರೆಟೀಸನ ಸಂಗಡಿಗನಾಗಿದ್ದುದು ಜನರಿಗೆ ನೆನಪಿತ್ತು. ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂದು 399ರಲ್ಲಿ ಮೆಲೀಟಸ್, ಅನೀಟಸ್, ಲೈಕನ್ ಎಂಬವರು ದೂರಿತ್ತರು. ಆ ಸಂಬಂಧವಾಗಿ ಅಧಿಕಾರಿಯ ಬಳಿಗೆ ಹೋದಾಗ ಯೂಥಿಫ್ರೋನನೊಡನೆ ನಡೆದ ಸಂವಾದವನ್ನು ಪ್ಲೇಟೋ ಚಿತ್ರಿಸಿದ್ದಾನೆ. ದೇವತೆಗಳು ಮೆಚ್ಚುವುದರಿಂದ ಒಂದು ಕಾರ್ಯವು ಪುಣ್ಯವಾಗುವುದೋ, ಅಥವಾ ಅದು ಪುಣ್ಯವಾದುದರಿಂದಲೇ ದೇವತೆಗಳು ಮೆಚ್ಚುವರೋ ಎಂಬುದು ಅಲ್ಲಿಯ ಪ್ರಶ್ನೆ. ಪೂಜೆಯು ದೇವಮಾನವರ ನಡುವಣ ವ್ಯಾಪಾರವೇ ಎಂಬ ಶಂಕೆಯೂ ಅಲ್ಲಿ ಏಳುತ್ತದೆ. ಉತ್ತರ ದೊರೆಯದೆಯೇ ಸಂವಾದವು ಮುಗಿಯುತ್ತದೆ.

ಸುಮಾರು 500 ನ್ಯಾಯನಿರ್ಣಾಯಕರ ಮುಂದೆ ವಿಚಾರಣೆ ನಡೆಯಿತು. ಕೇವಲ 30 ಮತಗಳು ಅತ್ತಣಿಂದ ಇತ್ತ ಬಂದಿದ್ದರೆ ಅವನಿಗೆ ಬಿಡುಗಡೆಯಾಗುತ್ತಿತ್ತು. ಪ್ರಶ್ನಿಸುವುದನ್ನು ನಿಲ್ಲಿಸಿ ಬದುಕಲು ಅವನು ಒಪ್ಪಲಿಲ್ಲ. ಅದು ದೈವಾಜ್ಞೆಯನ್ನು ಮೀರಿದಂತಾಗುವುದೆಂದು ತಿಳಿದನು. ಮರಣದಂಡನೆ ವಿಧಿಸಲ್ಪಟ್ಟಿತು. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆಯು ಮರಳುವತನಕ ಯಾರನ್ನೂ ವಧಿಸಬಾರದೆಂಬ ನಿಯಮವಿದ್ದುದರಿಂದ ಒಂದು ತಿಂಗಳಷ್ಟು ಕಾಲ ಸೆರೆಯಲ್ಲಿದ್ದನು. ಕ್ರಿಟೋ ಎಂಬ ಮಿತ್ರನು ಪಲಾಯನಕ್ಕೆ ಎಲ್ಲವನ್ನೂ ಸಿದ್ಧಪಡಿಸಲು ಮುಂದಾದನು. ತನ್ನನ್ನು ಪೋಷಿಸಿದ ನಗರದ ಕಾನೂನಿಗೆ ದ್ರೋಹ ಬಗೆಯಲಾರೆನೆಂದು ಸಾಕ್ರೆಟೀಸನು ನಿರಾಕರಿಸಿ, ತನ್ನ ಎಪ್ಪತ್ತನೆಯ ವಯಸ್ಸಿನ ಸುಮಾರಿಗೆ ಹೆಮ್ಲಾಕ್ ವಿಷವನ್ನು ಶಾಂತಚಿತ್ತನಾಗಿ ಕುಡಿದನು.

ವೈದ್ಯದೇವನಾದ ಆಸ್ಕ್ಲೀಪಿಯಸನಿಗೆ ಸಲ್ಲಬೇಕಾದ ಒಂದು ಕೋಳಿಯನ್ನು ಮರೆಯದೆ ಒಪ್ಪಿಸಬೇಕೆಂದು ಕ್ರಿಟೋವಿಗೆ ಹೇಳಿದುದೇ ಅವನ ಕಡೆಯ ಮಾತೆಂದು ಪ್ಲೇಟೋ ಬರೆದಿದ್ದಾನೆ. ದೇವತೆಗಳನ್ನು ಮನ್ನಿಸನೆಂದು ದಂಡಿತನಾದವನು ದೇವಋಣವನ್ನು ನೆನೆಯುತ್ತಲೇ ಪ್ರಾಣಬಿಟ್ಟನು. ಧರ್ಮವೆಂದರೇನೆಂಬ ಪ್ರಶ್ನೆಗೆ ಸಂವಾದದಲ್ಲಿ ದೊರೆಯದ ಉತ್ತರವು ಅವನ ನಡತೆಯಲ್ಲಿ ದೊರೆಯುತ್ತದೆ: ಆಚರಣೆಯನ್ನು ಬಿಡದೆ, ವಿಚಾರವನ್ನು ತೊರೆಯದೆ, ಯಾರ ಭಯಕ್ಕೂ ಅನ್ಯಾಯಕ್ಕೆ ಕೈಹಾಕದೆ ಬಾಳುವುದೇ ಆ ಉತ್ತರ.