ಹುತಾತ್ಮ ಮೈಲಾರ ಮಹಾದೇವಪ್ಪನವರು

ನಮ್ಮ ಕಡೆಯ ಒಕ್ಕಲುತನದ ಮನೆತನಗಳಿಗೆ ಚರಿತ್ರಕಾರರೆಂದರೆ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರೊಳಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ವಂಶಾವಳಿಯನ್ನು ಒಂದೇ ಉಸಿರಿಗೆ ಹೇಳುವುದು ಅವರ ಕಸುಬು. ಯಾರು ಯಾವ ಊರಿನಿಂದ ಬಂದು ನೆಲೆಸಿದರು, ಯಾರಿಗೆ ಎಷ್ಟು ಮಕ್ಕಳು, ಯಾವ ಊರಿನ ಬೀಗತನ, ಇವೆಲ್ಲವೂ ಅವರ ಹೊತ್ತಿಗೆಯಲ್ಲಿ ಇರುತ್ತವೆ. ಕಳೆದ ವರುಷ ಹಾವೇರಿಯ ಕಡೆಯ ನಮ್ಮ ಹಳ್ಳಿಯ ಮನೆಗೆ ಹೆಳವರು ಬಂದಾಗ ನಾನೂ ಅಲ್ಲಿದ್ದೆ. ಅವರು ಎತ್ತಿನ ಮೇಲೆ ಬರಲಿಲ್ಲ, ಬಸ್ಸಿನಲ್ಲಿ ಬಂದರು. ಆದರೆ ಕಂಠದ ಓಘ ಮಾತ್ರ ಹಿಂದಿನದೇ ಎಂದು ಆಯಿ ಹೇಳಿದಳು. ಏಳು ತಲೆಮಾರಿನ ಗಂಡಸರ ಹೆಸರುಗಳು ಒಂದೂ ತಪ್ಪದೆ ಬಂದವು. ಸೊಸೆಯಂದಿರ ಸರದಿ ಬಂದಾಗ ಮಾತ್ರ ಅವರ ಊರುಗಳು ಬಂದವೇ ಹೊರತು ಹೆಸರುಗಳು ಬರಲಿಲ್ಲ.

ಅದೇ ಬೇಸಿಗೆಯಲ್ಲಿ ನವನಗರದ ನಮ್ಮ ಮನೆಯಲ್ಲಿ ಅಕ್ಕನ ಮದುವೆಯಾಯಿತು. ಹುಬ್ಬಳ್ಳಿ-ಧಾರವಾಡಗಳ ನಡುವಿನ ಈ ಬಡಾವಣೆಗೆ ನಾವು ಬಂದು ನೆಲೆಸಿ ಬಹಳ ಕಾಲವಾಯಿತಾದರೂ, ಮದುವೆಯ ಖರ್ಚಿಗೆ ಹಣ ಬಂದದ್ದು ಹಳ್ಳಿಯ ಹೊಲದಿಂದಲೇ. ನಾಲ್ಕು ಎಕರೆ ಎರೆಭೂಮಿಯಲ್ಲಿ ಅಪ್ಪ ಎರಡು ಎಕರೆಯನ್ನು ಮಾರಿದರು. ಉಳಿದ ಎರಡು ಎಕರೆ ನನ್ನ ಮದುವೆಗೆಂದು ಮನೆಯವರೆಲ್ಲ ನಗುನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆ ದಿನ ರಾತ್ರಿ ಆಯಿ ತನ್ನ ತಾಯಿಯ, ಎಂದರೆ ನನ್ನ ಮುತ್ತಜ್ಜಿಯ, ಮದುವೆಯ ಕಥೆಯನ್ನು ಹೇಳಿದಳು. ಆ ಕಥೆಯ ನಡುವೆ ಮೈಲಾರ ಮಹಾದೇವಪ್ಪನವರ ಹೆಸರು ಬಂದಿತು. ಆ ಹೆಸರನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದೆ, ಹಾವೇರಿಯ ರೈಲು ನಿಲ್ದಾಣದ ಫಲಕದ ಮೇಲೆ ನೋಡಿದ್ದೆ. ಆದರೆ ಆ ಮಹನೀಯರ ಬಾಳನ್ನು ಒಂದು ಮನೆಯ ಬಾಳೆಂದು ನಾನು ಎಣಿಸಿದ್ದು ಆ ರಾತ್ರಿಯೇ. ಅದನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮಹಾದೇವಪ್ಪನವರು ಹುಟ್ಟಿದ್ದು 1911ನೆಯ ಇಸವಿಯ ಜೂನ್ 8ರಂದು, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. ಆಗ ಆ ಸೀಮೆಯೆಲ್ಲ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹತ್ತಿ, ಜೋಳ, ಮೆಣಸಿನಕಾಯಿಗಳ ನಾಡು ಅದು. ಬ್ಯಾಡಗಿಯ ಮೆಣಸಿನಕಾಯಿಯ ಬಣ್ಣವನ್ನು ಅರಿಯದ ಅಡುಗೆಮನೆ ಕನ್ನಡನಾಡಿನಲ್ಲಿ ಇರಲಾರದು. ಹುಡುಗ ಊರಿನಲ್ಲಿಯೂ ಹಂಸಭಾವಿಯಲ್ಲಿಯೂ ಕಲಿತನು. ಆದರೆ ದೇಶದ ಚಳವಳಿಯ ಗಾಳಿ ಆ ಹಳ್ಳಿಗಳಿಗೂ ಬೀಸಿದ್ದಿತು. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿದ ಮೇಲೆ ನಮ್ಮ ಜಿಲ್ಲೆಯಲ್ಲಿ ರಾಟಿ ತಿರುಗದ ಊರುಗಳೇ ವಿರಳವಾದವು. ಶಾಲೆಯ ಪುಸ್ತಕಕ್ಕಿಂತ ಖಾದಿಯ ನೂಲು ಹುಡುಗನನ್ನು ಬಲವಾಗಿ ಎಳೆಯಿತು.

ಆ ಕಾಲದ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಸಿದ್ದಮ್ಮನವರೊಡನೆ ಲಗ್ನವಾಯಿತು. ಆಗಿನ ಮದುವೆಯೆಂದರೆ ಎರಡು ಮನೆತನಗಳು ಒಂದಾಗುವ ಕಾರ್ಯವಾಗಿತ್ತು. ಹುಡುಗ ಹುಡುಗಿಯರ ಇಚ್ಛೆಯ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಹಾಲುಗಂಬ ನೆಟ್ಟು ಹಂದರ ಹಾಕುವರು. ಅರಿಷಿಣ ಹಚ್ಚಿ ಸುರಗಿಯ ನೀರೆರೆಯುವರು. ಬಾಸಿಂಗ ಕಟ್ಟಿ, ಬಂಧುಬಳಗದವರೆಲ್ಲ ಅಕ್ಕಿಕಾಳು ಹಾಕುವರು. ಆಯೇರಿ ಕೊಟ್ಟು ತೆಗೆದುಕೊಳ್ಳುವ ಕಾರ್ಯವೂ ಮುಗಿದು, ಬೀಗರ ಚಕ್ಕಡಿಗಳು ಊರು ದಾಟಿದ ಮೇಲೆ, ಹುಡುಗಿ ಮತ್ತೆ ತವರಿನಲ್ಲಿಯೇ ಉಳಿಯುವಳು. ಅವಳು ದೊಡ್ಡವಳಾಗಿ, ಸೋಬಾನವಾಗಿ, ಗಂಡನ ಮನೆಗೆ ನಡೆಯಲು ಬರುವುದಕ್ಕೆ ಎಷ್ಟೋ ವರುಷಗಳಾಗುತ್ತಿದ್ದವು. ಅಷ್ಟರಲ್ಲಿ ಗಂಡನಾದವನು ತಂದೆಯ ಹೊಲವನ್ನು ಕೈಗೆ ತೆಗೆದುಕೊಳ್ಳಬೇಕು, ಮದುವೆಗೆ ಮಾಡಿದ ಸಾಲವನ್ನು ತೀರಿಸಬೇಕು. ಸಾವಿರಾರು ಹುಡುಗರ ಬಾಳು ಹೀಗೆಯೇ ನಡೆದುಹೋಯಿತು. ಮಹಾದೇವಪ್ಪನವರ ಬಾಳು ಹಾಗೆ ನಡೆಯಲಿಲ್ಲ.

ಅವರು ಗುಜರಾತಿಗೆ ಹೋದರು. ಸಾಬರಮತಿಯ ಆಶ್ರಮವನ್ನು ಸೇರಿದರು. ಬೆಳಗಿನ ಜಾವ ಎದ್ದು ಪ್ರಾರ್ಥನೆ, ನೂಲುವುದು, ಶೌಚಾಲಯಗಳನ್ನು ತಾವೇ ಶುಚಿಮಾಡುವುದು, ಸತ್ಯ, ಅಹಿಂಸೆ, ಬ್ರಹ್ಮಚರ್ಯದ ವ್ರತಗಳು, ಇದು ಅಲ್ಲಿಯ ಶಿಸ್ತು. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಕಾಯಿದೆಯನ್ನು ಮುರಿಯಲು ದಾಂಡಿಗೆ ಹೊರಟಾಗ, ಆಯ್ದ ಸತ್ಯಾಗ್ರಹಿಗಳ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಇವರೊಬ್ಬರೇ. ಆ ಪಟ್ಟಿಯಲ್ಲಿ ಇವರ ಹೆಸರು ಮಹಾದೇವ ಮಾರ್ತಂಡ ಎಂದಿದೆ, ವಯಸ್ಸು 18. ಸುಮಾರು 385 ಕಿಲೋಮೀಟರುಗಳ ದಾರಿಯನ್ನು 24 ದಿನಗಳಲ್ಲಿ ಕಾಲ್ನಡಿಗೆಯಿಂದ ಕ್ರಮಿಸಿ ಅವರು ಏಪ್ರಿಲ್ 5ರಂದು ದಾಂಡಿಯ ಕಡಲ ತೀರವನ್ನು ಮುಟ್ಟಿದರು. ಮರುದಿನ ಗಾಂಧೀಜಿ ಉಪ್ಪನ್ನು ಎತ್ತಿದರು.

ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ 1929ರಲ್ಲಿ ಅಂಗೀಕೃತವಾಗಿ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು, ಎಂದರೆ ಈ ಯಾತ್ರೆಯ ಕೊನೆಯ ವಾರದಲ್ಲಿ. ಹುಡುಗಿಗೆ 14, ಹುಡುಗನಿಗೆ 18 ವರುಷ ತುಂಬದೆ ಮದುವೆ ಮಾಡಕೂಡದೆಂದು ಆ ಕಾಯಿದೆ ಹೇಳಿತು. ಆ ಕಾಯಿದೆ ಬರುವ ಮೊದಲೇ ಮದುವೆಯಾಗಿದ್ದ ಒಬ್ಬ ಹಳ್ಳಿಯ ತರುಣ, ಆ ದಿನ ಇನ್ನೊಂದು ಕಾಯಿದೆಯನ್ನು ಮುರಿಯಲು ಗುಜರಾತಿನ ಧೂಳಿನಲ್ಲಿ ನಡೆಯುತ್ತಿದ್ದನು. ಆ ಯಾತ್ರೆಯ ತಂಡಕ್ಕೆ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಹೀಗಾಗಿ ಆ ಪಟ್ಟಿಯೂ ನಮ್ಮ ಹೆಳವರ ಹೊತ್ತಿಗೆಯಂತೆ ಗಂಡಸರ ಪಟ್ಟಿಯೇ.

ಆದರೆ ಸಿದ್ದಮ್ಮನವರು ಊರಿನಲ್ಲಿ ಗಂಡನ ದಾರಿಯನ್ನು ಕಾಯುತ್ತ ಕುಳಿತುಕೊಳ್ಳಲಿಲ್ಲ. ಅವರೂ ಸಾಬರಮತಿಯ ಆಶ್ರಮಕ್ಕೆ ಹೋದರು. ಚಳವಳಿಯಲ್ಲಿ ಸೆರೆಮನೆಯ ವಾಸವನ್ನೂ ಅನುಭವಿಸಿದರು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ತವರಿಗೆ ಹೊರತು ಮತ್ತೆಲ್ಲಿಗೂ ಹೋಗದಿದ್ದ ಕಾಲ ಅದು. ಹಾಗಿರುವಾಗ ಭಾಷೆ ಬೇರೆ, ಊಟ ಬೇರೆ, ನೀರು ಬೇರೆಯಾದ ನಾಡಿಗೆ ಹೋಗಿ ಕಠಿಣ ವ್ರತವನ್ನು ಹಿಡಿಯುವುದೆಂದರೆ ಸಾಮಾನ್ಯ ಧೈರ್ಯವಲ್ಲ. ಗಂಡ ಹೆಂಡಿರು ಕೂಡಿಯೇ ಇದ್ದರೂ ವ್ರತಸ್ಥರಾಗಿ ಇರಬೇಕಾದ ಆಶ್ರಮ ಅದು. ನಡೆಯಲು ಬರುವುದೆಂಬ ನಮ್ಮ ಕಡೆಯ ಮಾತಿಗೆ ಸಿದ್ದಮ್ಮನವರು ಬೇರೊಂದು ಅರ್ಥವನ್ನೇ ಕೊಟ್ಟರೆಂದು ನನಗೆ ತೋರುತ್ತದೆ.

ಸೆರೆಮನೆಯಿಂದ ಹೊರಬಂದ ಮೇಲೆ ಮಹಾದೇವಪ್ಪನವರು ತಮ್ಮ ಸೀಮೆಗೆ ಮರಳಿದರು. ಹಾವೇರಿ ತಾಲ್ಲೂಕಿನ ಕೊರಡೂರಿನಲ್ಲಿ ಆಶ್ರಮವನ್ನು ಮಾಡಿಕೊಂಡು ಖಾದಿ ಮತ್ತು ಗ್ರಾಮಸೇವೆಯ ಕೆಲಸವನ್ನು ಕೈಕೊಂಡರು. ನೂಲುವುದನ್ನು ಕಲಿಸುವುದು, ಊರ ಓಣಿಗಳನ್ನು ಗುಡಿಸುವುದು, ಅಸ್ಪೃಶ್ಯತೆಯನ್ನು ಬಿಡಿಸಲು ದುಡಿಯುವುದು, ಇವು ಪತ್ರಿಕೆಗಳಲ್ಲಿ ಹೆಸರು ಬರುವ ಕೆಲಸಗಳಲ್ಲ. ಆದರೆ ಮುಂದೆ ಆ ಹಳ್ಳಿಗಳ ಜನ ಅವರನ್ನು ತಮ್ಮ ಮನೆಯ ಮಗನೆಂದು ಬಗೆದು ಅಡಗಿಸಿಟ್ಟು ಅನ್ನ ಹಾಕಿದುದಕ್ಕೆ ಈ ಸೇವೆಯೇ ಕಾರಣವಾಯಿತು.

1942ರ ಆಗಸ್ಟಿನಲ್ಲಿ ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ನಿರ್ಣಯವಾಗಿ, ನಾಯಕರೆಲ್ಲ ಬಂಧಿತರಾದರು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿಯೆಂಬ ಬಾಲಕನು ಪೊಲೀಸರ ಗುಂಡಿಗೆ ಬಲಿಯಾದನು. ಹಾವೇರಿಯ ಸೀಮೆಯಲ್ಲಿ ಮಹಾದೇವಪ್ಪನವರು ಸಂಗಡಿಗರ ಪಡೆಯನ್ನು ಕಟ್ಟಿಕೊಂಡು ಭೂಗತರಾದರು. ಚಾವಡಿಗಳ ದಫ್ತರಗಳನ್ನು ಸುಡುವುದು, ಕಂದಾಯದ ಹಣವನ್ನು ಕಸಿದುಕೊಳ್ಳುವುದು, ಪೊಲೀಸರ ಬಂದೂಕುಗಳನ್ನು ಕಿತ್ತುಕೊಳ್ಳುವುದು, ಹೀಗೆ ಸರಕಾರದ ಯಂತ್ರವನ್ನು ನಿಲ್ಲಿಸುವುದು ಅವರ ಕ್ರಮವಾಗಿತ್ತು. ಆದರೆ ಮನುಷ್ಯಜೀವಕ್ಕೆ ಅಪಾಯವಾಗಬಾರದೆಂಬ ಕಟ್ಟಳೆಯನ್ನು ಅವರು ಹಾಕಿಕೊಂಡಿದ್ದರು. ದಾಂಡಿಯ ದಾರಿಯಲ್ಲಿ ಬರಿಗೈಯಿಂದ ನಡೆದವರು ಹೀಗೆ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಏಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೂ ಪ್ರಾಣ ತೆಗೆಯದಿರುವ ಕಟ್ಟಳೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲವೆಂಬುದನ್ನು ನೆನೆದಾಗ, ಸಾಬರಮತಿಯ ಪಾಠ ಅವರಲ್ಲಿ ಅಳಿದಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

1943ರ ಏಪ್ರಿಲ್ 1. ಯುಗಾದಿಗೆ ಇನ್ನು ಕೆಲವೇ ದಿನಗಳಿದ್ದವು. ವರದಾ ನದಿಯ ಸೀಮೆಯ ಹೊಸರಿತ್ತಿಯಲ್ಲಿ ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿ ಇಟ್ಟು ಪೊಲೀಸರು ಕಾಯುತ್ತಿದ್ದರು. ಆ ಹಣವನ್ನು ವಶಪಡಿಸಿಕೊಳ್ಳಲು ಮಹಾದೇವಪ್ಪನವರು ಸಂಗಡಿಗರೊಡನೆ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪನವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪ್ರಾಣಾರ್ಪಣೆ ಮಾಡಿದರು. ಮಹಾದೇವಪ್ಪನವರಿಗೆ ಆಗ 32 ತುಂಬಿರಲಿಲ್ಲ. ಶಾರದಾ ಕಾಯಿದೆ ಜಾರಿಗೆ ಬಂದು ಅಂದಿಗೆ ಸರಿಯಾಗಿ 13 ವರುಷಗಳಾಗಿದ್ದವು.

ಇನ್ನು ನನ್ನ ಮುತ್ತಜ್ಜಿಯ ಮದುವೆ. ಅದಾದದ್ದು ಅದೇ ವರುಷ, ಯುಗಾದಿ ಕಳೆದ ಮೇಲೆ. ದಿನ ಮೊದಲೇ ಗೊತ್ತಾಗಿದ್ದಿತು. ಹೊಸರಿತ್ತಿಯ ಸುದ್ದಿ ಬಂದಾಗ ಎರಡೂ ಕಡೆಯ ಹಿರಿಯರು ಕೂಡಿ ಕುಳಿತು, ಬಾಜಾಬಜಂತ್ರಿ ಬೇಡ, ಮೆರವಣಿಗೆ ಬೇಡ, ಒಂದೇ ದಿನದಲ್ಲಿ ಕಾರ್ಯವನ್ನು ಮುಗಿಸೋಣವೆಂದು ಮಾತಾಡಿಕೊಂಡರಂತೆ. ಯುದ್ಧಕಾಲದ ತುಟ್ಟಿಯೂ ಇದಕ್ಕೆ ಒಂದು ಕಾರಣವೆಂಬುದನ್ನು ಆಯಿ ಮುಚ್ಚಿಡಲಿಲ್ಲ. ಬಟ್ಟೆ ಸಿಕ್ಕುತ್ತಿರಲಿಲ್ಲ, ಕಾಳಿನ ಬೆಲೆ ಏರಿದ್ದಿತು. ಮುತ್ತಜ್ಜಿ ಉಟ್ಟದ್ದು ಒಂದು ಖಾದಿಯ ಸೀರೆ. ಗೋದಿಯ ಹುಗ್ಗಿ, ಅನ್ನ, ಸಾರು, ಇಷ್ಟೇ ಊಟ. ಬಂದ ಬೀಗರಲ್ಲಿ ಯಾರೂ ಮುಖ ಸಣ್ಣಗೆ ಮಾಡಲಿಲ್ಲ. ಆ ಮದುವೆಗಾಗಿ ಒಂದು ಗೇಣು ಹೊಲವನ್ನೂ ಮಾರಲಿಲ್ಲ. ಅಕ್ಕನ ಮದುವೆಗೆಂದು ಅಪ್ಪ ಮಾರಿದ ಎರಡು ಎಕರೆ ಅಂದು ಉಳಿದ ಹೊಲದ ಒಂದು ತುಂಡೇ ಎಂದು ಆಯಿ ಹೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರನ್ನು ಇಟ್ಟಿದ್ದಾರೆ. ದಾಂಡಿಯಲ್ಲಿ 2019ರಲ್ಲಿ ಉದ್ಘಾಟನೆಗೊಂಡ ಉಪ್ಪಿನ ಸತ್ಯಾಗ್ರಹದ ಸ್ಮಾರಕದಲ್ಲಿ ಗಾಂಧೀಜಿಯವರ ಸಹಯಾತ್ರಿಕರ ಪ್ರತಿಮೆಗಳಿವೆ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ರಾಷ್ಟ್ರಧ್ವಜವನ್ನು ಹೊಲಿಯುವುದನ್ನು ನಾನು ಕಂಡಿದ್ದೇನೆ. ಆ ಬಟ್ಟೆಯನ್ನು ನೋಡುವಾಗ ನನಗೆ ದಾಂಡಿಯ ತರುಣನ ಜೊತೆಗೆ, ಅವನ ಹಿಂದೆ ಅಷ್ಟು ದೂರ ಹೋದ ಸಿದ್ದಮ್ಮನವರೂ ನೆನಪಾಗುತ್ತಾರೆ. ಗಂಡನು ಒಂದು ದಿನ ಗುಂಡಿಗೆ ಎದೆಯೊಡ್ಡಿದನು; ಹೆಂಡತಿ ಆ ದಿನವನ್ನು ಹೊತ್ತುಕೊಂಡು ಸ್ವಾತಂತ್ರ್ಯ ಬಂದ ಮೇಲೂ ಬಾಳಿದಳು. ಎರಡರಲ್ಲಿ ಯಾವುದು ಹೆಚ್ಚಿನ ತ್ಯಾಗವೆಂದು ತೂಗಿ ಹೇಳಲು ನನ್ನಿಂದ ಆಗದು.

ಈ ಲೇಖನವನ್ನು ಬರೆಯುವ ಮೊದಲು ನಾನು ಎರಡು ಕೆಲಸಗಳನ್ನು ಮಾಡಿದೆ. ಆಯಿಯನ್ನು ಕೂಡಿಸಿಕೊಂಡು ನಮ್ಮ ಮನೆಗೆ ಬಂದ ಸೊಸೆಯಂದಿರ ಹೆಸರುಗಳನ್ನು ಅವಳಿಗೆ ನೆನಪಿರುವಷ್ಟು ಒಂದು ವಹಿಯಲ್ಲಿ ಬರೆದಿಟ್ಟೆ. ಹೆಳವರು ಮತ್ತೆ ಬಂದಾಗ ಅವರ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಳುತ್ತೇನೆ. ಎರಡನೆಯದು, ಉಳಿದ ಎರಡು ಎಕರೆಯನ್ನು ನನ್ನ ಮದುವೆಗಾಗಿ ಮಾರಕೂಡದೆಂದೂ, ನನಗೆ ಒಂದು ದಿನದ ಅಕ್ಕಿಕಾಳು ಸಾಕೆಂದೂ ಅಪ್ಪನಿಗೆ ಹೇಳಿದೆ. ಬೀಗರಾಗುವವರು ಏನೆಂದುಕೊಂಡಾರೆಂಬುದೇ ಅವರ ಚಿಂತೆ. ಅಪ್ಪ ಇನ್ನೂ ಹೂಂ ಎಂದಿಲ್ಲ, ಇಲ್ಲವೆಂದೂ ಅಂದಿಲ್ಲ. ಆದರೆ ಈ ವರುಷ ಆ ಹೊಲಕ್ಕೆ ತಾವೇ ಹೋಗಿ ಹತ್ತಿ ಬಿತ್ತಿಸಿ ಬಂದಿದ್ದಾರೆ.